ಬಿಜ್ಜಳನ ಜೈನತ್ವ: ಶಾಸನವೂ ಚರಿತೆಯೂ

ಇಂಡಿ ತಾಲ್ಲೂಕಿನ ಸಾಲೋಟಗಿಯ ಹೆಸರು ಕರ್ನಾಟಕದ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಉಳಿದು ಬಂದಿರುವುದು ಒಂದು ಶಿಲಾಸ್ತಂಭದ ದೆಸೆಯಿಂದ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಆತನ ಮಂತ್ರಿ ನಾರಾಯಣನು ಅಂದು ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ತ್ರಯೀಪುರುಷರ, ಅಂದರೆ ಬ್ರಹ್ಮ ವಿಷ್ಣು ಮಹೇಶ್ವರರ, ಶಾಲೆಯನ್ನು ಸ್ಥಾಪಿಸಿದ ಸಂಗತಿಯನ್ನು ಆ ಕಂಬದ ಶಾಸನ ತಿಳಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪಕ್ಕೆಂದು 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ದತ್ತಿಯಾದವು. ಊರಿನವರು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ಗೊತ್ತುಪಡಿಸಿದ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆಯೂ ಆಯಿತು. ಶಾಲೆ ಮತ್ತು ಪಾವಿಟ್ಟಗೆ ಎಂಬ ಎರಡು ಪದಗಳು ಕೂಡಿ ಸವೆದು ಸಾಲೋಟಗಿ ಎಂಬ ಹೆಸರು ಬಂದಿತೆಂದು ವಿದ್ವಾಂಸರು ಹೇಳುತ್ತಾರೆ.

ಈ ಶಾಸನವನ್ನು ಓದದೆ, ಅದರ ಕಾಲವನ್ನಷ್ಟೇ ಬಲ್ಲವನೊಬ್ಬನು ಬೇರೊಂದು ಚರಿತ್ರೆಯನ್ನು ಹೆಣೆಯುವುದು ಕಷ್ಟವಲ್ಲ. ಮೂರನೆಯ ಕೃಷ್ಣನು ಪೊನ್ನ ಮಹಾಕವಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತವನು. ಅದೇ ಚಕ್ರವರ್ತಿಯ ಮಂತ್ರಿ ಭರತನ ಆಶ್ರಯದಲ್ಲಿ, ಮಾನ್ಯಖೇಟದಲ್ಲಿ ಕುಳಿತು ಪುಷ್ಪದಂತನು ಅಪಭ್ರಂಶ ಭಾಷೆಯ ಮಹಾಪುರಾಣವನ್ನು ರಚಿಸಿದನು. ಅವನ ಕಾಲದಲ್ಲಿಯೇ, ಕ್ರಿ.ಶ. 959ರಲ್ಲಿ, ಸೋಮದೇವಸೂರಿಗಳು ಯಶಸ್ತಿಲಕವನ್ನು ಮುಗಿಸಿದರು. ಅರಸನಿಂದ ಜೈನಕವಿಗೆ ಮನ್ನಣೆ. ಒಬ್ಬ ಮಂತ್ರಿಯಿಂದ ಜೈನಕವಿಗೆ ಆಶ್ರಯ. ಆದುದರಿಂದ ಇನ್ನೊಬ್ಬ ಮಂತ್ರಿ ಕಟ್ಟಿಸಿದ ಶಾಲೆಯೂ ಜೈನರದು! ಈ ಸರಪಣಿಯ ಕೊಂಡಿಗಳೆಲ್ಲ ಗಟ್ಟಿಯಾಗಿವೆ, ತೀರ್ಮಾನ ಮಾತ್ರ ಸುಳ್ಳು. ಸಾಲೋಟಗಿಯಲ್ಲಿ ಆ ಸುಳ್ಳಿಗೆ ಎಡೆಯಿಲ್ಲದಂತೆ ಕಂಬವೇ ಮಾತನಾಡುತ್ತದೆ. ಆದರೆ ಎಲ್ಲ ಸಂದರ್ಭಗಳಲ್ಲಿಯೂ ಕಂಬದ ಮಾತನ್ನು ಕೇಳುವ ವ್ಯವಧಾನ ಜನರಿಗೆ ಇರುವುದಿಲ್ಲ. ಇದೇ ಸೀಮೆಗೆ ಸೇರಿದ, ಇದಕ್ಕಿಂತ ಬಹು ದೊಡ್ಡದಾಗಿ ಬೆಳೆದ ಒಂದು ಕಥೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯವಾಗಿದೆ. ಅದು ಕಳಚುರಿ ಬಿಜ್ಜಳನು ಜೈನ ಅರಸನೆಂಬ ಕಥೆ.

ಬಿಜ್ಜಳನ ಹಿನ್ನೆಲೆ ಭೀಮಾತೀರದ್ದು. ಕಲ್ಯಾಣದ ಚಾಲುಕ್ಯರ ಅಧೀನದಲ್ಲಿ ಮಹಾಮಂಡಲೇಶ್ವರನಾಗಿದ್ದಾಗ ಅವನ ಆಳ್ವಿಕೆಗೆ ಒಳಪಟ್ಟಿದ್ದ ನಾಡುಗಳಲ್ಲಿ ತರ್ದವಾಡಿ ಸಾಸಿರವೂ ಒಂದು. ಇಂಡಿ ತಾಲ್ಲೂಕಿನ ತದ್ದೇವಾಡಿಯೇ ಆ ಹಳೆಯ ತರ್ದವಾಡಿ. ಅವನ ಮೊದಲ ನೆಲೆಯಾದ ಮಂಗಳವಾಡ, ಈಗಿನ ಮಂಗಳವೇಢೆ, ಇಲ್ಲಿಂದ ದೂರವಿಲ್ಲ. ಮೂರನೆಯ ತೈಲಪನ ದೌರ್ಬಲ್ಯವನ್ನು ಕಂಡು ಕ್ರಿ.ಶ. 1162ರ ಹೊತ್ತಿಗೆ ಅವನು ಚಕ್ರವರ್ತಿಪದವಿಯನ್ನೇ ವಹಿಸಿಕೊಂಡನು. ಐದಾರು ವರ್ಷಗಳಲ್ಲಿಯೇ, 1167-68ರ ಹೊತ್ತಿಗೆ, ಮಗ ಸೋವಿದೇವನ ಆಳ್ವಿಕೆ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬಸವಣ್ಣನವರು ಹುಟ್ಟಿ ಬೆಳೆದ ಬಾಗೇವಾಡಿಯೂ ತರ್ದವಾಡಿ ನಾಡಿಗೆ ಸೇರಿದ್ದಿತು. ಹೀಗೆ ಅರಸ ಮತ್ತು ಭಂಡಾರಿ ಇಬ್ಬರೂ ಒಂದೇ ನಾಡಿನ ನಂಟುಳ್ಳವರು. ಅವರ ವಿರಸದ ಕಥೆ ಜೈನ ಮತ್ತು ಲಿಂಗಾಯತ ಮನೆಗಳೆರಡರಲ್ಲಿಯೂ ಇಂದಿಗೂ ಜೀವಂತವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಜೈನರ ಕಡೆಯ ಕಥೆಗೆ ಮುಖ್ಯ ಆಧಾರ ಧರಣಿಪಂಡಿತನ ‘ಬಿಜ್ಜಳರಾಯ ಚರಿತೆ’. ಅದರ ಪ್ರಕಾರ ಬಿಜ್ಜಳನು ಜಿನಭಕ್ತ. ಬಸವಣ್ಣನವರ ಸಹೋದರಿ ಪದ್ಮಾವತಿಯ ರೂಪಕ್ಕೆ ಮರುಳಾಗಿ ಆಕೆಯನ್ನು ವರಿಸುತ್ತಾನೆ. ಆ ನಂಟಿನಿಂದ ಬಸವಣ್ಣನವರಿಗೆ ಅಧಿಕಾರ ದೊರೆಯುತ್ತದೆ. ಕಾಲಕ್ರಮದಲ್ಲಿ ವೈಮನಸ್ಯ ಬೆಳೆಯುತ್ತದೆ. ಕೊಲ್ಲಾಪುರದ ಶಿಲಾಹಾರನ ಮೇಲಿನ ದಂಡಯಾತ್ರೆಯಿಂದ ಹಿಂತಿರುಗುವಾಗ ಅರಸನು ಭೀಮಾನದಿಯ ದಡದಲ್ಲಿ ಬೀಡು ಬಿಟ್ಟಿರುತ್ತಾನೆ. ಆಗ ಜೈನವೇಷ ಧರಿಸಿದ ಜಂಗಮನೊಬ್ಬನು ವಿಷ ತುಂಬಿದ ಹಣ್ಣನ್ನು ತಂದೊಪ್ಪಿಸುತ್ತಾನೆ. ವೇಷವನ್ನು ನಂಬಿದ ಅರಸನು ಪ್ರಾಣ ಕಳೆದುಕೊಳ್ಳುತ್ತಾನೆ.

ಕಾವ್ಯವನ್ನು ಕಾವ್ಯವಾಗಿ ನೋಡಿದರೆ ಇಲ್ಲಿನ ಕಲ್ಪನೆಗೆ ಬಲವುಂಟು. ಶತ್ರುವಿನ ಖಡ್ಗಕ್ಕೆ ಬಗ್ಗದವನು ತಾನು ಗೌರವಿಸುವ ವೇಷಕ್ಕೆ ಬಲಿಯಾಗುತ್ತಾನೆ. ಅವನ ಶ್ರದ್ಧೆಯೇ ಅವನ ಮೃತ್ಯುದ್ವಾರವಾಗುತ್ತದೆ. ಆದರೆ ವಿಮರ್ಶಕನು ಎಚ್ಚರಗೊಳ್ಳಬೇಕಾದುದೂ ಇಲ್ಲಿಯೇ. ಅರಸನು ಜೈನನಲ್ಲದಿದ್ದರೆ ಜೈನವೇಷಕ್ಕೆ ಅರ್ಥವಿಲ್ಲ. ವೇಷವಿಲ್ಲದಿದ್ದರೆ ವಿಷದ ಹಣ್ಣು ಅವನ ಕೈ ಸೇರುವುದಿಲ್ಲ. ಹಣ್ಣಿಲ್ಲದಿದ್ದರೆ ಕಥೆಗೆ ಮುಕ್ತಾಯವಿಲ್ಲ. ಬಿಜ್ಜಳನ ಜೈನತ್ವವು ಈ ಕೃತಿಯಲ್ಲಿ ಕಥೆಯ ಕಟ್ಟಡವನ್ನು ಹೊತ್ತು ನಿಂತಿರುವ ತೊಲೆ. ತೊಲೆಯ ಅಗತ್ಯ ಕಟ್ಟಡಕ್ಕಿದೆ ಎಂದ ಮಾತ್ರಕ್ಕೆ ಅದು ಇತಿಹಾಸದ ಕಾಡಿನಿಂದ ಬಂದ ಮರವೆಂದು ಹೇಳಲಾಗದು. ಧರಣಿಪಂಡಿತನನ್ನು ಸಾಹಿತ್ಯ ಚರಿತ್ರಕಾರರು 17ನೆಯ ಶತಮಾನದ ನಡುಭಾಗದವನೆಂದು ಗುರುತಿಸುತ್ತಾರೆ. ಅವನಿಗೂ ಬಿಜ್ಜಳನಿಗೂ ನಡುವೆ ಸುಮಾರು 500 ವರ್ಷಗಳ ಅಂತರವಿದೆ. ಆ ವೇಳೆಗೆ ವೀರಶೈವ ಪುರಾಣಗಳು ನಾಡಿನಲ್ಲೆಲ್ಲ ಹಬ್ಬಿದ್ದವು; ಅವುಗಳಲ್ಲಿ ಜೈನರು ವಾದದಲ್ಲಿ ಸೋಲುವವರಾಗಿಯೇ ಬರುತ್ತಾರೆ. ಆ ಪುರಾಣಗಳಿಗೆ ಕೊಟ್ಟ ಉತ್ತರವಾಗಿ ‘ಬಿಜ್ಜಳರಾಯ ಚರಿತೆ’ಯನ್ನು ಓದಿದರೆ ಅದರ ನೋವು ಅರ್ಥವಾಗುತ್ತದೆ. 12ನೆಯ ಶತಮಾನದ ವರದಿಯೆಂದು ಓದಿದರೆ ಕವಿಗೂ ಅನ್ಯಾಯ, ಚರಿತ್ರೆಗೂ ಅನ್ಯಾಯ.

ಇನ್ನು ಶಾಸನಗಳು ಏನು ಹೇಳುತ್ತವೆಂಬುದನ್ನು ನೋಡಬೇಕು. ಕಳಚುರಿ ಅರಸರ ಬಿರುದಾವಳಿಯಲ್ಲಿ ‘ಸುವರ್ಣವೃಷಭಧ್ವಜ’ ಮತ್ತು ‘ಡಮರುಗತೂರ್ಯನಿರ್ಘೋಷಣ’ ಎಂಬವು ಮತ್ತೆ ಮತ್ತೆ ಬರುತ್ತವೆ. ಧ್ವಜದಲ್ಲಿ ಹೊನ್ನಿನ ವೃಷಭ, ಮುಂದೆ ಡಮರುಗದ ಧ್ವನಿ. ವೃಷಭವು ಆದಿ ತೀರ್ಥಂಕರರ ಲಾಂಛನವೂ ಅಲ್ಲವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯೇ ಊಹೆಯ ಅಪಾಯಕ್ಕೆ ಉದಾಹರಣೆ; ಪಕ್ಕದಲ್ಲಿಯೇ ಇರುವ ಡಮರುಗವನ್ನು ಕೈಬಿಟ್ಟು ವೃಷಭವನ್ನಷ್ಟೇ ಆರಿಸಿಕೊಂಡರೆ ಯಾವ ಶಾಸನದಿಂದ ಯಾವ ಅರ್ಥವನ್ನಾದರೂ ಹೊರಡಿಸಬಹುದು. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ, ಕ್ರಿ.ಶ. 1200ರ ಸುಮಾರಿನ ಶಾಸನವು ಇನ್ನೂ ಸ್ಪಷ್ಟವಾದ ಸಂಗತಿಯನ್ನು ಹೇಳುತ್ತದೆ. ಅಲ್ಲಿ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಿವಾದವು ಬಿಜ್ಜಳನ ಸನ್ನಿಧಿಗೆ ಬರುತ್ತದೆ. ದೂರು ಕೊಂಡುಹೋದವರು ಜೈನರು. ಅರಸನಿಂದ ಜಯಪತ್ರ ಪಡೆದವನು ರಾಮಯ್ಯ. ಅರಸನ ದತ್ತಿ ಸಂದುದು ವೀರಸೋಮನಾಥ ದೇವಾಲಯಕ್ಕೆ.

ಡಾ. ಪಿ. ಬಿ. ದೇಸಾಯಿಯವರು ಶಾಸನಗಳ ಬಲದಿಂದ ಬಿಜ್ಜಳನನ್ನು ಶೈವನೆಂದೇ ಗ್ರಹಿಸಿದರು. 1968ರಲ್ಲಿ ಪ್ರಕಟವಾದ, ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಸಿದ್ಧವಾದುದು. ಅದಕ್ಕೂ ಮೊದಲು, 1957ರಲ್ಲಿ, ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ದಕ್ಷಿಣ ಭಾರತದ ಜೈನಧರ್ಮ ಮತ್ತು ಜೈನಶಾಸನಗಳ ಕುರಿತ ಮಹತ್ವದ ಗ್ರಂಥವನ್ನು ಹೊರತಂದವರೂ ಅವರೇ. ಜೈನ ಶಾಸನಗಳಿಗೆ ಅಷ್ಟು ದುಡಿದವರನ್ನು ಜೈನವಿರೋಧಿ ಎನ್ನಲು ಯಾರಿಗೂ ಬಾಯಿ ಬರಲಾರದು.

ಶಾಸನವಾದ ಮಾತ್ರಕ್ಕೆ ಅದರ ಅಕ್ಷರವೆಲ್ಲ ಇತಿಹಾಸವೆಂದು ತಿಳಿಯುವುದೂ ಸರಿಯಲ್ಲ. ಅಬ್ಬಲೂರಿನ ಶಾಸನವೇ ರಾಮಯ್ಯನು ತನ್ನ ತಲೆಯನ್ನು ಕತ್ತರಿಸಿಕೊಂಡು ಮತ್ತೆ ಪಡೆದನೆಂದು ಹೇಳುತ್ತದೆ. ಅರಸನ ಹೆಸರು, ದತ್ತಿ, ದೇವಾಲಯ ಇವು ಒಂದು ಬಗೆಯ ಸಾಕ್ಷ್ಯ. ಪವಾಡ ಇನ್ನೊಂದು ಬಗೆಯದು. ಮೊದಲನೆಯದು ನಡೆದುದನ್ನು ತಿಳಿಸುತ್ತದೆ, ಎರಡನೆಯದು ಜನ ನಂಬಿದುದನ್ನು. ಹಾಗೆಯೇ ಶಾಸನದ ಮೌನವನ್ನು ನಿರಾಕರಣೆಯೆಂದು ಎಣಿಸಬಾರದು. ಬಸವಣ್ಣನವರ ಸಮಕಾಲೀನ ಶಾಸನೋಲ್ಲೇಖ ದೊರೆಯದೆಂಬ ಕಾರಣಕ್ಕೆ ಪುರಾಣಗಳು ಅವರಿಗೆ ಕೊಟ್ಟ ಸ್ಥಾನವನ್ನೇ ಸಂದೇಹಿಸಿದವರು ಹಿಂದೆ ಇದ್ದರು. ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಕ್ರಿ.ಶ. 1260ರ ಶಾಸನವು ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನೆಂದು ಹೆಸರಿಸಿದಾಗ ಆ ಸಂದೇಹದ ತೂಕ ಕುಂದಿತು. ಕಲ್ಲು ಹೇಳಿದಷ್ಟನ್ನು ಒಪ್ಪುವುದು, ಹೇಳದಿರುವ ಕಡೆ ಕಾಯುವುದು, ಇದೇ ಸಂಶೋಧನೆಯ ಸಂಯಮ.

ಹಾಗಾದರೆ ಶೈವನಾದ ಅರಸನು ಜೈನನೆಂಬ ಮಾತು ಇಷ್ಟು ದೀರ್ಘಕಾಲ ಹೇಗೆ ಬಾಳಿತು? ಅದು ಎರಡೂ ಕಡೆಯವರಿಗೆ ಬೇಕಾಗಿದ್ದುದೇ ಅದಕ್ಕೆ ಕಾರಣ. ಮಧುವರಸ ಮತ್ತು ಹರಳಯ್ಯನವರ ಮಕ್ಕಳ ವಿವಾಹದ ಪ್ರಸಂಗವನ್ನು ಶರಣ ಪರಂಪರೆ ಕಲ್ಯಾಣದ ಕ್ರಾಂತಿಯ ಕೇಂದ್ರದಲ್ಲಿ ಇರಿಸುತ್ತದೆ. ಅಲ್ಲಿನ ಕಲಹ ಜಾತಿಯದು. ಶಿವನನ್ನೇ ಪೂಜಿಸುವ ಅರಸನು ಶಿವಶರಣರನ್ನು ಜಾತಿಯ ಕಾರಣದಿಂದ ದಂಡಿಸಿದನೆಂಬುದು ಮುಂದಿನ ಭಕ್ತರಿಗೆ ಜೀರ್ಣಿಸಿಕೊಳ್ಳಲು ಕಠಿಣವಾದ ಮಾತು. ಅರಸನನ್ನು ಪರಮತದವನನ್ನಾಗಿ ಮಾಡಿದರೆ ಜಾತಿಯ ಪ್ರಶ್ನೆ ಮತದ ಪ್ರಶ್ನೆಯಾಗಿ ಮಾರ್ಪಟ್ಟು ಮನಸ್ಸು ಹಗುರಾಗುತ್ತದೆ. ಜೈನರಿಗಾದರೋ ಆ ಕಥೆಯಿಂದ ಒಬ್ಬ ಚಕ್ರವರ್ತಿಯೂ ಒಬ್ಬ ಹುತಾತ್ಮನೂ ಏಕಕಾಲಕ್ಕೆ ದೊರೆತರು. ಒಂದು ಪಕ್ಷಕ್ಕೆ ಖಳನಾಯಕನಾಗಿ, ಇನ್ನೊಂದು ಪಕ್ಷಕ್ಕೆ ಬಲಿಪಶುವಾಗಿ ಜೈನ ಬಿಜ್ಜಳನು ಉಪಯುಕ್ತನಾದನು. ಇಬ್ಬರು ಎದುರಾಳಿಗಳು ಒಂದೇ ಮಾತನ್ನು ಹೇಳಿದರೆ ಅದು ನಿಜವಿರಬೇಕೆಂದು ಕೇಳುವವರು ಭಾವಿಸಿದರು. 19ನೆಯ ಶತಮಾನದ ಇಂಗ್ಲಿಷ್ ಲೇಖಕರು ಎರಡೂ ಪರಂಪರೆಗಳ ಸಾರಾಂಶವನ್ನು ತಮ್ಮ ಚರಿತ್ರೆಗಳಲ್ಲಿ ಸೇರಿಸಿದುದರಿಂದ ಕಥೆಗೆ ಅಚ್ಚಿನ ಗೌರವವೂ ಬಂದಿತು.

ತಮಿಳುನಾಡಿನಲ್ಲಿಯೂ ಇಂಥದೊಂದು ಕಥೆಯಿದೆ. ಮಧುರೆಯಲ್ಲಿ ಪಾಂಡ್ಯ ಅರಸನು 8000 ಜೈನರನ್ನು ಶೂಲಕ್ಕೇರಿಸಿದನೆಂಬ ವೃತ್ತಾಂತವು 12ನೆಯ ಶತಮಾನದ ಪೆರಿಯ ಪುರಾಣದಲ್ಲಿ ವಿಜಯದ ಕಥೆಯಾಗಿ ಬಂದಿದೆ. ಘಟನೆ ನಡೆಯಿತೆನ್ನಲಾದ 7ನೆಯ ಶತಮಾನದ ಶಾಸನಾಧಾರ ಅದಕ್ಕಿಲ್ಲ. ಒಬ್ಬರು ಹೆಮ್ಮೆಯಿಂದ ಹೇಳಿಕೊಂಡ ಆ ಕ್ರೌರ್ಯವನ್ನು ಇನ್ನೊಬ್ಬರು ದುಃಖದಿಂದ ಸ್ವೀಕರಿಸಿದರು. ಹೆಮ್ಮೆ ಮತ್ತು ದುಃಖ ಎರಡೂ ಸೇರಿ ಸಂಖ್ಯೆಯನ್ನು ಪ್ರಶ್ನಾತೀತಗೊಳಿಸಿದವು.

ಒಳಸಂಚಿನ ಕಥೆಗಳಿಗೆ ಇರುವ ಆಕರ್ಷಣೆ ಅವುಗಳ ಸರಳತೆಯಲ್ಲಿದೆ. ಜೈನಧರ್ಮವು ಕರ್ನಾಟಕದಲ್ಲಿ ಏಕೆ ಕ್ಷೀಣಿಸಿತು ಎಂಬ ದೊಡ್ಡ ಪ್ರಶ್ನೆಗೆ ಒಂದು ಹಣ್ಣು, ಒಂದು ವೇಷ, ಒಂದು ರಾತ್ರಿ ಉತ್ತರವಾಗಿ ಬಿಡುತ್ತವೆ. ರಾಜಾಶ್ರಯವು ಬೇರೆಡೆಗೆ ಸರಿದುದು, ವರ್ತಕರ ದಾನಧರ್ಮಗಳ ದಿಕ್ಕು ಬದಲಾದುದು, ಶರಣರು ಜನರ ನುಡಿಯಲ್ಲಿ ಜನರ ಕಷ್ಟವನ್ನು ಮಾತನಾಡಿದುದು, ಇವೆಲ್ಲವನ್ನೂ ವಿಚಾರ ಮಾಡುವ ಶ್ರಮ ಉಳಿಯುತ್ತದೆ. ಇದರರ್ಥ ಜೈನರಿಗೆ ಪೆಟ್ಟು ಬೀಳಲಿಲ್ಲವೆಂದಲ್ಲ. ಜಿನಬಿಂಬವನ್ನು ಭಂಗಿಸಿದ ಸಂಗತಿಯನ್ನು ಅಬ್ಬಲೂರಿನ ಶಾಸನವು ಮುಚ್ಚಿಡದೆ ಹೇಳುತ್ತದೆ. ಆ ನೋವಿಗೆ ಸಾಕ್ಷಿಯಿದೆ. ಸಾಕ್ಷಿಯಿರುವ ನೋವಿನ ಪಕ್ಕದಲ್ಲಿ ಸಾಕ್ಷಿಯಿಲ್ಲದ ಸಂಚನ್ನು ತಂದು ನಿಲ್ಲಿಸಿದರೆ, ಕೇಳುವವನು ನಾಳೆ ಎರಡನ್ನೂ ಕಟ್ಟುಕಥೆಯೆಂದು ತಳ್ಳಿಹಾಕುತ್ತಾನೆ.

ಶ್ರಾವಕನಿಗೆ ಈ ವಿಚಾರವು ಕೇವಲ ಪಾಂಡಿತ್ಯದ್ದಲ್ಲ, ವ್ರತದ್ದು. ತತ್ತ್ವಾರ್ಥಸೂತ್ರದಲ್ಲಿ ಆಚಾರ್ಯ ಉಮಾಸ್ವಾಮಿಗಳು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮಿಥ್ಯೋಪದೇಶ ಮೊದಲನೆಯದು. ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ರಚಿಸುವುದು, ಇನ್ನೊಂದು. ನ್ಯಾಸಾಪಹಾರ, ಅಂದರೆ ಇಟ್ಟ ಒತ್ತೆಯನ್ನು ಅಪಹರಿಸುವುದು, ಮತ್ತೊಂದು. ಕೂಟಲೇಖವೆಂದೊಡನೆ ಸಾಲಪತ್ರ, ಕ್ರಯಪತ್ರಗಳಷ್ಟೇ ನೆನಪಿಗೆ ಬರುತ್ತವೆ. ಬಸದಿಯ ಹೆಸರಿನಲ್ಲಿ ಅಚ್ಚಾಗುವ ಸ್ಥಳಮಹಾತ್ಮೆ, ಪಂಚಕಲ್ಯಾಣದ ಸ್ಮರಣಸಂಚಿಕೆ, ಮಹಾದ್ವಾರದ ಫಲಕ, ಇವೂ ಲೇಖಗಳೇ. ಪೂರ್ವಜರ ಚರಿತ್ರೆಯು ಮುಂದಿನವರಿಗೆ ಮುಟ್ಟಿಸಲೆಂದು ಇಂದಿನವರ ಕೈಯಲ್ಲಿ ಇಟ್ಟ ಒತ್ತೆ. ಅದಕ್ಕೆ ಕಸರನ್ನು ಬೆರೆಸಿ ಹೆಚ್ಚಿಸಿ ಒಪ್ಪಿಸಿದರೂ ಅದು ಅಪಹಾರವೇ.

ಅನೇಕಾಂತವಾದದ ಹೆಸರಿನಲ್ಲಿ ಈ ದೋಷಕ್ಕೆ ರಕ್ಷಣೆ ಕೋರುವವರೂ ಉಂಟು. ಪ್ರತಿಯೊಂದು ಹೇಳಿಕೆಯಲ್ಲಿಯೂ ಸತ್ಯಾಂಶವಿರುವಾಗ ಬಿಜ್ಜಳನನ್ನು ಜೈನನೆಂದರೆ ತಪ್ಪೇನು ಎಂಬುದು ಅವರ ವಾದ. ಅನೇಕಾಂತವು ಇರುವ ವಸ್ತುವಿನ ಅನೇಕ ಧರ್ಮಗಳನ್ನು ಗ್ರಹಿಸುವ ದೃಷ್ಟಿ; ಇಲ್ಲದ ಧರ್ಮವನ್ನು ವಸ್ತುವಿಗೆ ಅಂಟಿಸುವ ಪರವಾನಗಿಯಲ್ಲ. ‘ಸ್ಯಾತ್’ ಎಂಬ ಪದವು ಮಾತಿಗೆ ಅಪೇಕ್ಷೆಯನ್ನೂ ಮಿತಿಯನ್ನೂ ತೋರಿಸುತ್ತದೆ. ಧರಣಿಪಂಡಿತನ ಕಾವ್ಯದ ಅಪೇಕ್ಷೆಯಿಂದ ಬಿಜ್ಜಳನು ಜೈನ. ಶಾಸನಗಳ ಅಪೇಕ್ಷೆಯಿಂದ ಅವನು ಶೈವ. ಹೀಗೆ ಹೇಳಿದರೆ ಅದು ಸ್ಯಾದ್ವಾದ. ಕಾವ್ಯವನ್ನು ಹೇಳಿ ಶಾಸನವನ್ನು ಮರೆಮಾಡಿದರೆ ಅದು ದುರ್ನಯ.

ಸತ್ಯವನ್ನು ಒಪ್ಪುವುದರಿಂದ ಜೈನ ಸಮಾಜಕ್ಕೆ ನಷ್ಟವೇನೂ ಇಲ್ಲ. ಕಳಚುರಿಗಳ ಕಾಲದ ಕೀರ್ತಿ ಬೇಕಿದ್ದರೆ ದಂಡನಾಯಕ ರೇಚರಸನಿದ್ದಾನೆ. ಕಳಚುರಿಗಳಲ್ಲಿ ಅಧಿಕಾರಿಯಾಗಿದ್ದು, ಅನಂತರ ಹೊಯ್ಸಳ ವೀರಬಲ್ಲಾಳನ ಆಶ್ರಯಕ್ಕೆ ಬಂದ ಆ ಜಿನಭಕ್ತನು ಶ್ರವಣಬೆಳಗೊಳದ ಬಳಿಯ ಜಿನನಾಥಪುರದಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದನು. ಶೈವ ಅರಸರ ಸೇವೆಯಲ್ಲಿದ್ದೂ ಜಿನಧರ್ಮವನ್ನು ಬಿಡದವನ ಕಥೆ, ಕಲ್ಪಿತ ಜೈನ ಚಕ್ರವರ್ತಿಯ ಕಥೆಗಿಂತ ಹೆಚ್ಚು ಅನುಕರಣೀಯ. ಬಿಜಾಪುರದ ಹಳೆಯ ಜಿಲ್ಲೆಯ ಎಲ್ಲೆಯಲ್ಲಿಯೇ, ಐಹೊಳೆಯ ಮೇಗುತಿಯಲ್ಲಿ, ಕ್ರಿ.ಶ. 634ರಲ್ಲಿ ರವಿಕೀರ್ತಿಯು ಕಟ್ಟಿಸಿದ ಜಿನಾಲಯವೂ ಅವನ ಪ್ರಶಸ್ತಿಯೂ ಇವೆ. ಇಷ್ಟು ಇರುವವರು ಇನ್ನೊಬ್ಬರ ಅಂಗಳದಿಂದ ಎರವಲು ತರಬೇಕಾಗಿಲ್ಲ.

ಹಂಪೆಯ ಹೇಮಕೂಟದ ಮೆಟ್ಟಿಲು ಶಿಖರದ ಗುಡಿಗಳನ್ನು ಬಹುಕಾಲ ಜೈನ ಗುಡಿಗಳೆಂದು ಕರೆಯಲಾಗುತ್ತಿತ್ತು. ಶಿಖರದ ಆಕಾರವೊಂದೇ ಅದಕ್ಕೆ ಕಾರಣ. ಅವು ಶೈವಾಲಯಗಳೆಂದು ಪರಿಶೀಲನೆಯಿಂದ ಸ್ಪಷ್ಟವಾಯಿತು. ಅದೇ ಹಂಪೆಯಲ್ಲಿ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಕುಂಥುಜಿನನ ಬಸದಿಯಿದೆ. ಮುಂದಿನ ಮಾನಸ್ತಂಭದ ಶಾಸನವೇ ಅದನ್ನು ಸಾರುತ್ತದೆ. ಜನರ ಬಾಯಲ್ಲಿ ಅದು ಗಾಣಗಿತ್ತಿ ಗುಡಿ. ದೇವಸ್ಥಾನಗಳ ವಿಶ್ವಸ್ತರು ಈ ಎರಡು ಉದಾಹರಣೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳಿತು. ಫಲಕ ಬರೆಯಿಸುವಾಗ ಶಾಸನದಲ್ಲಿರುವುದನ್ನು ‘ಶಾಸನ’ವೆಂದೂ, ಕಾವ್ಯದಲ್ಲಿರುವುದನ್ನು ‘ಕಾವ್ಯ’ವೆಂದೂ, ಹಿರಿಯರು ಹೇಳುವುದನ್ನು ‘ಐತಿಹ್ಯ’ವೆಂದೂ ಬೇರೆ ಬೇರೆಯಾಗಿ ಬರೆಯಿಸಿದರೆ ಸಾಕು. ಯಾರ ಶ್ರದ್ಧೆಗೂ ಭಂಗ ಬಾರದು. ಇನ್ನೊಂದು ಮತದವರ ಗುಡಿಯನ್ನು ಕುರಿತು ಹೇಳುವ ಮಾತಾದರೆ ಇಮ್ಮಡಿ ಎಚ್ಚರ ಬೇಕು; ಆಧಾರವಿಲ್ಲದ ಒಂದು ಸಾಲು ಒಂದೇ ಬಾವಿಯ ನೀರು ಕುಡಿಯುವ ಎರಡು ಓಣಿಗಳ ನಡುವೆ ಗೋಡೆಯೆಬ್ಬಿಸಬಲ್ಲದು.

ಧರಣಿಪಂಡಿತನ ಕಾಲಕ್ಕೆ ಹೆಚ್ಚು ಕಡಿಮೆ ಸಮೀಪವಾಗಿ, ಕ್ರಿ.ಶ. 1638ರಲ್ಲಿ, ಹಳೇಬೀಡಿನಲ್ಲಿ ಇನ್ನೊಂದು ಬಗೆಯ ಬರಹ ಹುಟ್ಟಿತು. ಅಲ್ಲಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಒಬ್ಬನು ಲಿಂಗಮುದ್ರೆಯನ್ನು ಹಾಕಿದನು. ಜೈನನೊಬ್ಬನು ಅದನ್ನು ಅಳಿಸಿದನು. ಕಲಹಕ್ಕೆ ಕಾರಣ ಸಿದ್ಧವಾಯಿತು. ಆಗ ಎರಡೂ ಕಡೆಯ ಹಿರಿಯರು ಸೇರಿದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ಹಿಂದಿನಂತೆಯೇ ತಮ್ಮ ಪೂಜೆಯನ್ನು ನಡೆಸಿಕೊಂಡು ಬರಬೇಕೆಂದು ಒಪ್ಪಂದವಾಯಿತು. ಆ ಷರತ್ತಿನಲ್ಲಿ ಅಂದಿನ ಬಲಾಬಲದ ಗುರುತು ಇಲ್ಲದಿಲ್ಲ. ಆದರೂ ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿಯೆಂದು ವೀರಶೈವ ಮಹಾಮಹತ್ತಿನವರೇ ಕಲ್ಲಿನಲ್ಲಿ ಬರೆಯಿಸಿದರು. ವಿಷದ ಹಣ್ಣಿನ ಕಥೆಗೆ ಕಲ್ಲಿನ ಸಾಕ್ಷಿಯಿಲ್ಲ; ಈ ಒಪ್ಪಂದಕ್ಕೆ ಇದೆ. ಜೈನ ಮನೆಗಳ ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದುದು ಇದನ್ನು.